ಹಂಡೆಯೊಳಗಿನ ಅಳಿಯಂದಿರು

ನನ್ನ ಅತ್ತೆ ವಿಜಯಪುರದಿಂದ ಮರಾಠಿ ಸೀಮೆಯ ಹಡಪಸರದ ನಮ್ಮ ಮನೆಗೆ ಬಂದಾಗ ಸೀರೆಗಳನ್ನು ಕಡಿಮೆ ತಂದರು, ತಾಮ್ರದ ಹಂಡೆಯನ್ನು ಬಿಟ್ಟು ಬರಲಿಲ್ಲ. ಬಸ್ಸಿನಲ್ಲಿ ಅದನ್ನು ಕಾಲ ಬಳಿಯೇ ಇಟ್ಟುಕೊಂಡು ಕೂತಿದ್ದರಂತೆ. ಅವರ ಓಣಿಯಲ್ಲಿ ನಳ ಬರುವುದು ವಾರಕ್ಕೊಮ್ಮೆ. ಬಂದ ದಿನ ಇಡೀ ಓಣಿಗೆ ಮದುವೆ ಮನೆಯ ಗಡಿಬಿಡಿ.

"ಇಲ್ಲೆ ದಿನಾ ನೀರು ಬರ್ತಾವ ಅವ್ವಾ, ತುಂಬಿ ಇಡೂದು ಬ್ಯಾಡ," ಎಂದಳು ನನ್ನ ಹೆಂಡತಿ.

"ಇವತ್ತು ಬರ್ತಾವ. ನಾಳಿ?"

ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರ್ ಬರುವುದನ್ನು ಅವರೂ ನೋಡಿದ್ದರು. ಹಂಡೆ ಬಾಲ್ಕನಿಯ ಮೂಲೆ ಹಿಡಿಯಿತು. ಕೈಕಾಲು ತೊಳೆಯಲು, ತುಳಸಿಗೆ ಹಾಕಲು ಅದರಿಂದ ನೀರು ತೆಗೆಯುತ್ತಿದ್ದರು. ತೆಗೆದಷ್ಟನ್ನು ಮತ್ತೆ ತುಂಬುತ್ತಿದ್ದರು. ಪೂರ್ತಿ ಖಾಲಿ ಮಾಡಿದ್ದನ್ನು ನಾನು ನೋಡಲಿಲ್ಲ. ಬರಿದಾದ ಹಂಡೆ ಮನೆಗೆ ಒಳ್ಳೆಯದಲ್ಲ ಎಂಬುದು ಅವರ ನಂಬಿಕೆ. ಮೇಲೊಂದು ತಾಟು ಮುಚ್ಚಿರುತ್ತಿತ್ತು. ಆದರೆ ತಂಬಿಗೆ ಒಳಗೇ ಇರುತ್ತಿದ್ದುದರಿಂದ ತಾಟು ಒಂದು ಕಡೆ ಎತ್ತಿಕೊಂಡೇ ಇರುತ್ತಿತ್ತು.

ಹಂಡೆಯಷ್ಟೇ ಜೋಪಾನ ಅವರಿಗೆ ನನ್ನ ಬಗ್ಗೆಯೂ ಇತ್ತು. ನಾನು ಅಳಿಯ. ನನ್ನ ಮುಂದೆ ಅವರು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಮಾತಾಡುವುದಿದ್ದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಲೆಯ ಮೇಲೆ ಸೆರಗು ಹೊದ್ದು, ಬಹುವಚನದಲ್ಲೇ ಮಾತಾಡುತ್ತಿದ್ದರು. ನನ್ನದು ಪತ್ರಿಕೆಯ ಸುದ್ದಿಮನೆಯಲ್ಲಿ ರಾತ್ರಿ ಪಾಳಿ, ಹೀಗಾಗಿ ಬೆಳಿಗ್ಗೆ ತಡವಾಗಿ ಏಳುತ್ತಿದ್ದೆ. ನಾನು ಏಳುವವರೆಗೆ ಕುಕ್ಕರಿಗೆ ಸೀಟಿ ಹೊಡೆಯಲೂ ಬಿಡುತ್ತಿರಲಿಲ್ಲ. ಬೇಳೆಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸುತ್ತಿದ್ದರು.

ಮಳೆಗಾಲದ ಒಂದು ಬೆಳಿಗ್ಗೆ ನಾನೆದ್ದು ಚಹಾ ಕುಡಿಯುತ್ತಿದ್ದಾಗ ಬಾಗಿಲಿನಿಂದ ವರದಿ ಬಂತು.

"ಪಾಲಿಕೆಯಿಂದ ಒಬ್ಬಾಕಿ ಬಂದಿದ್ಳುರೀ. 'ಘರಾತ್ ಅಳ್ಯಾ ಆಹೇತ್ ಕಾ' ಅಂತ ಕೇಳಿದ್ಳು. ಆಹೇತ್, ಝೋಪ್ಲೇತ್ ಅಂದೆ."

ಮನೆಯಲ್ಲಿ ಅಳಿಯ ಇದ್ದಾರೆ, ಮಲಗಿದ್ದಾರೆ ಎಂದು ಅತ್ತೆ ತಮಗೆ ಬರುವಷ್ಟು ಮರಾಠಿಯಲ್ಲಿ ಹೇಳಿ ಕಳಿಸಿದ್ದರು.

"ಏನು ಕೆಲಸ ಇತ್ತಂತ್ರಿ?"

"ನೋಡಬೇಕು ಅಂದ್ಳು. ಮಲಗಿದವರನ್ನ ಏನು ನೋಡ್ತೀಯವಾ, ಇನ್ನೊಂದು ದಿನ ಬಾ ಅಂದೆ. ಭಾಳ ನಕ್ಕೋತ ಹೋದ್ಳು."

ಪತ್ರಿಕೆಯವನು ಎಂದು ಗೊತ್ತಿದ್ದವರು ರಸ್ತೆ, ಗಟಾರ, ನೀರಿನ ದೂರು ಹಿಡಿದು ನನ್ನನ್ನು ಹುಡುಕಿಕೊಂಡು ಬರುವುದಿತ್ತು. ಅಂಥದ್ದೇ ಏನೋ ಇರಬೇಕೆಂದು ಸುಮ್ಮನಾದೆ.

ಕೆಲವು ವಾರಗಳ ನಂತರ ಹೆಂಡತಿ ಖರಾಡಿಯ ಆಫೀಸಿನಿಂದ ಮಧ್ಯಾಹ್ನವೇ ವಾಪಸಾದಳು. ಮೈ ಸುಡುತ್ತಿತ್ತು. "ಕಣ್ಣ ಹಿಂದ ಯಾರೋ ಗುದ್ದಿದಂಗ ಆಗೇದ್ರಿ," ಎಂದು ಚಪ್ಪಲಿ ಬಿಡದೆಯೇ ಮಲಗಿಬಿಟ್ಟಳು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಪ್ಲೇಟ್‌ಲೆಟ್ ಇಳಿಯುತ್ತಾ ಹೋಗಿ, ತಿಂದದ್ದೆಲ್ಲ ವಾಂತಿಯಾಗತೊಡಗಿದಾಗ ಆಸ್ಪತ್ರೆಗೆ ಸೇರಿಸಿದೆವು.

ಡಾಕ್ಟರು ಮಿತಭಾಷಿ. ಈ ಜ್ವರಕ್ಕೆಂದೇ ಬೇರೆ ಔಷಧಿಯಿಲ್ಲ, ಮೈಯಲ್ಲಿ ನೀರು ಕಡಿಮೆಯಾಗಬಾರದು, ಸಲೈನ್ ಇದ್ದರೂ ಬಾಯಿಂದ ಕುಡಿಯುತ್ತಿರಲಿ ಎಂದರು. ಇನ್ನೊಂದು ಮಾತು ಹೇಳಿದರು: ಜ್ವರ ಇಳಿದ ಕೂಡಲೇ ಗೆದ್ದೆವು ಅಂದುಕೊಳ್ಳಬೇಡಿ, ಎಚ್ಚರ ಬೇಕಾಗುವುದು ಆಗಲೇ.

ನಾನು ಕೊಟ್ಟರೆ ಅವಳಿಗೆ ಓಕರಿಕೆ. ಅತ್ತೆ ಚಮಚದಿಂದ ಗಂಜಿಯ ತಿಳಿಯನ್ನೋ ಎಳನೀರನ್ನೋ ತುಟಿಗೆ ಹಚ್ಚಿ, ಸ್ವಲ್ಪ ಕಾದು, ಮತ್ತೆ ಹಚ್ಚುತ್ತಿದ್ದರು. ಅದು ಒಳಗೆ ಉಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಗಂಜಿ ಒಯ್ಯಲು ಅತ್ತೆಯೂ ನಾನೂ ಮನೆಗೆ ಬಂದಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಪಾಲಿಕೆಯ ಅದೇ ಹೆಂಗಸು, ಕೈಯಲ್ಲಿ ಟಾರ್ಚು. ಈ ಮನೆಯಲ್ಲಿ ಡೆಂಗಿಯಾದ ಸುದ್ದಿ ಅವರಿಗೆ ಹೋಗಿತ್ತು. "ಅಳ್ಯಾ ಆಹೇತ್ ಕಾ, ಬಘಾಯ್‌ಚಂ ಆಹೇ," ಎಂದಳು. ಮತ್ತೆ ಅದೇ, ನೋಡಬೇಕು ಎಂಬ ಮಾತು.

ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ಕೈ ತೋರಿಸಿದರು. "ಹೇ ಕಾಯ್, ಆಜ್ ಉಠ್ಲೇತ್." ಇವರೇ, ಇವತ್ತು ಎದ್ದಿದ್ದಾರೆ.

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಆಗ ನನಗೆ ಹೊಳೆಯಿತು. ಮರಾಠಿಯಲ್ಲಿ ಅಳಿ ಎಂದರೆ ಮರಿಹುಳು. ಒಂದಕ್ಕಿಂತ ಹೆಚ್ಚಿದ್ದರೆ ಅಳ್ಯಾ. ನಮ್ಮ ಕಡೆ ಅಳಿಯನನ್ನು ಕರೆಯುವುದೂ ಹಾಗೆಯೇ. ಅವಳು ಕೇಳುತ್ತಿದ್ದುದು ಸೊಳ್ಳೆಯ ಮರಿಗಳನ್ನು.

ನಗುವ ಹೊತ್ತಲ್ಲ. ಅವಳನ್ನು ಬಾಲ್ಕನಿಗೆ ಕರೆದೊಯ್ದೆ. ಅವಳು ತಾಟು ಸರಿಸಿ ಹಂಡೆಯೊಳಗೆ ಬೆಳಕು ಬಿಟ್ಟಳು. ತಳದ ತಾಮ್ರ ಹೊಳೆಯುವಷ್ಟು ತಿಳಿಯಾದ ನೀರು. ಅದರಲ್ಲಿ ದಾರದ ತುಣುಕಿನಂಥವು ತಲೆಕೆಳಗಾಗಿ ತೂಗಾಡುತ್ತಿದ್ದವು. ಬೆಳಕು ಬಿದ್ದೊಡನೆ ಮೈ ಕೊಂಕಿಸುತ್ತ ತಳಕ್ಕಿಳಿದವು.

"ಹ್ಯಾ ಬಘಾ, ಆಜೀ. ಅಳ್ಯಾ." ಇವೇ ನೋಡಿ, ಅಜ್ಜಿ.

ಅತ್ತೆಗೆ ನಾನು ಬಿಡಿಸಿ ಹೇಳಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. "ಗುಂಗಾಡ ಗಟಾರದಾಗ ಹುಟ್ತಾವಲ್ರಿ," ಎಂದರು ಮೆಲ್ಲಗೆ. "ಇದು ಕುಡಿಯೂವಂಥಾ ನೀರು."

ಈ ಜಾತಿಯ ಸೊಳ್ಳೆಗೆ ಇಂಥ ತಿಳಿ ನೀರೇ ಬೇಕು, ಅದು ಕಚ್ಚುವುದೂ ಹಗಲಿನಲ್ಲಿ ಎಂದಳು ಆ ಹೆಂಗಸು. ಹಂಡೆಯ ಒಳಮೈಗೆ ತತ್ತಿ ಅಂಟಿರುತ್ತದೆ, ಬರೀ ಚೆಲ್ಲಿದರೆ ಸಾಲದು, ತಿಕ್ಕಬೇಕು ಎಂದೂ ಹೇಳಿದಳು. ಅತ್ತೆ ನನ್ನನ್ನು ಮುಟ್ಟಗೊಡಲಿಲ್ಲ. ತಾವೇ ಹಂಡೆ ಬಗ್ಗಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೋರಲು ಹಾಕಿದರು. ಆಮೇಲೆ ಗಂಜಿ ಕಟ್ಟಿಕೊಂಡು ನನ್ನೊಡನೆ ರಿಕ್ಷಾ ಹತ್ತಿದರು.

ವಾರ್ಡಿನ ಬಾಗಿಲಲ್ಲಿ ಗಂಜಿಯ ಡಬ್ಬಿಯನ್ನೂ ಚಮಚವನ್ನೂ ನನ್ನ ಕೈಗಿಟ್ಟರು.

"ನೀವ ಕುಡಸ್ರಿ. ನನ್ನ ಕೈ ನೀರು ಬ್ಯಾಡ ಆಕಿಗೆ."

ಹೇಳಿ, ಹೊರಗಿನ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತರು.

ಅವತ್ತೇ ಜ್ವರ ಇಳಿದಿತ್ತು. ಹೆಂಡತಿಯ ಹಣೆ ತಣ್ಣಗಿತ್ತು, ತುಟಿ ಒಣಗಿತ್ತು. ಡಾಕ್ಟರು ಹೇಳಿದ್ದ ಹೊತ್ತು ಇದೇ. ನಾನು ಕೊಟ್ಟ ಮೊದಲ ಚಮಚ ಗದ್ದದ ಮೇಲೆ ಇಳಿಯಿತು. ಎರಡನೆಯದಕ್ಕೆ ಅವಳು ಮುಖ ತಿರುಗಿಸಿದಳು. "ಅವ್ವ ಎಲ್ಲಿ?"

ಹೊರಗೆ ಹೋಗಿ ಅತ್ತೆಗೆ ನನಗೆ ತಿಳಿದಷ್ಟನ್ನು ಹೇಳಿದೆ. ಅವಳು ಹಗಲೆಲ್ಲ ಇರುವುದು ಖರಾಡಿಯಲ್ಲಿ. ನಮ್ಮ ಪಕ್ಕದಲ್ಲೇ ಕಟ್ಟಡ ಏಳುತ್ತಿದೆ, ಅಲ್ಲಿಯೂ ನೀರು ನಿಂತಿದೆ. ಕಚ್ಚಿದ ಸೊಳ್ಳೆ ಎಲ್ಲಿಯದು ಎಂದು ಯಾರೂ ಹೇಳಲಾರರು.

"ನಮ್ಮ ಹಂಡ್ಯಾದ್ದಲ್ಲ ಅಂತ ಹೇಳ್ರಿ ಹಂಗಾರ."

"ಅದೂ ಗೊತ್ತಿಲ್ಲ ಅತ್ಯಾರ."

"ಸುದ್ದಿ ಬರಿಯೋರು ನೀವು. ನೀವ ಗೊತ್ತಿಲ್ಲ ಅಂದ್ರ ಹೆಂಗ್ರಿ?"

"ಗೊತ್ತಿಲ್ಲದ್ದನ್ನ ನಾವು ಬರಿಯೂದಿಲ್ರಿ."

ಅವರು ತಲೆಯಾಡಿಸಿದರು, ಎದ್ದು ಬರಲಿಲ್ಲ. ಸಮಾಧಾನಕ್ಕೆಂದು ಸುಳ್ಳು ಹೇಳಬಹುದಿತ್ತು. ಅವರು ನಂಬುತ್ತಿರಲಿಲ್ಲ.

ಒಳಗೆ ಬಂದು ಹೆಂಡತಿಗೆ ನಡೆದದ್ದನ್ನು ಮೊದಲಿನಿಂದ ಹೇಳಿದೆ. ಪಾಲಿಕೆಯವಳು ಅಳ್ಯಾ ಇದ್ದಾವಾ ಎಂದದ್ದು, ಮಲಗ್ಯಾರ ಎಂದು ಅತ್ತೆ ಕಳಿಸಿದ್ದು, ಇವತ್ತು ನನ್ನನ್ನೇ ತೋರಿಸಿದ್ದು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ನಿದ್ದೆ ಹೋದಳೇನೋ ಅಂದುಕೊಂಡೆ. ಅಷ್ಟರಲ್ಲಿ ಹೊದಿಕೆ ಅಲುಗಾಡಿತು. ನಗುತ್ತಿದ್ದಳು. ನಕ್ಕರೆ ಮೈಯೆಲ್ಲ ನೋವು, ಆದರೂ ನಗುತ್ತಿದ್ದಳು.

"ಅವ್ವಾ," ಎಂದು ಇದ್ದಷ್ಟು ಶಕ್ತಿ ಸೇರಿಸಿ ಕರೆದಳು. "ಹಂಡ್ಯಾದಾಗ ಎಷ್ಟು ಮಂದಿ ಅಳ್ಯಾರು ಇದ್ರಬೇ?"

ಬಾಗಿಲಲ್ಲಿ ಅತ್ತೆ ಕಾಣಿಸಿದರು. ಕಣ್ಣು ಕೆಂಪಾಗಿತ್ತು. ಮಗಳ ಮುಖ ನೋಡಿ ಅವರ ತುಟಿಯೂ ಅದುರಿತು.

"ಎಣಸಲಿಲ್ಲವಾ. ಒಬ್ಬವನ್ನ ಸಂಭಾಳಸೂದ ಸಾಕಾಗೇದ ನನಗ."

ಆಡಿದ ಮೇಲೆ ನಾನು ಅಲ್ಲೇ ಇರುವುದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮದುವೆಯಾದಂದಿನಿಂದ ನನಗೆ ಅವರ ಬಾಯಲ್ಲಿ ಏಕವಚನ ಸಿಕ್ಕಿದ್ದು ಅದೇ ಮೊದಲು.

"ಬಾ, ಕುಡಸು," ಎಂದಳು ಹೆಂಡತಿ. "ಇವರು ಮೂಗಿನಾಗ ಹಾಕ್ತಾರ."

ಅತ್ತೆ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ನಂತರ ನನ್ನಿಂದ ಚಮಚ ತೆಗೆದುಕೊಂಡು ಮಂಚದ ಪಕ್ಕದ ಕುರ್ಚಿಯಲ್ಲಿ, ನನ್ನೆದುರೇ, ಕೂತರು. ಡಬ್ಬಿ ಖಾಲಿಯಾಗುವವರೆಗೆ ಎದ್ದೇಳಲಿಲ್ಲ.

ಹೆಂಡತಿ ಮನೆಗೆ ಬಂದಳು. ಹಂಡೆಯೂ ನೆಟ್ಟಗೆ ನಿಂತಿತು. ಈಗ ಪ್ರತಿ ಶುಕ್ರವಾರ ಅದು ಬರಿದಾಗುತ್ತದೆ, ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಬಿಸಿಲಿಗೆ ಒಣಗುತ್ತದೆ. ತಂಬಿಗೆ ಹೊರಗಿರುತ್ತದೆ, ತಾಟಿನ ಮೇಲೆ ಕಲ್ಲು ಕೂತಿರುತ್ತದೆ.

ಮೊನ್ನೆ ಬೆಳಿಗ್ಗೆ ಅರೆನಿದ್ದೆಯಲ್ಲಿ ಬಾಗಿಲಿನ ಮಾತು ಕೇಳಿಸಿತು. ಅದೇ ಹೆಂಗಸು, ಅದೇ ಪ್ರಶ್ನೆ.

"ಪಾಣ್ಯಾತ್ ನಾಹೀತ್, ಬಾಈ," ಎಂದರು ಅತ್ತೆ. "ಆತ್ ಏಕ್ ಝೋಪ್ಲಾಯ್." ನೀರಿನಲ್ಲಿಲ್ಲ. ಒಳಗೆ ಒಬ್ಬ ಬಿದ್ದುಕೊಂಡಿದ್ದಾನೆ.

ಇಬ್ಬರೂ ನಕ್ಕರು. ಆಮೇಲೆ ಅಡುಗೆಮನೆಯಲ್ಲಿ ಕುಕ್ಕರ್ ಜೋರಾಗಿ ಸೀಟಿ ಹೊಡೆಯಿತು.