ಅವ್ವನ ಒಸಡು

ಆ ದಿನಗಳಲ್ಲಿ ಊರಿನಿಂದ ಯಾರೇ ಬಂದರೂ ದೂರದ ಶಹರದ ಸಯನ್ ಬಡಾವಣೆಯ ನಮ್ಮ ಚಾಳಿಗೆ ಖಡಕ್ ರೊಟ್ಟಿಯ ಗಂಟು ಬರುತ್ತಿತ್ತು. ಆ ಭಾನುವಾರವೂ ಬಂದಿತ್ತು. ಅವ್ವ ಶೇಂಗಾ ಚಟ್ನಿ ಹಚ್ಚಿಕೊಂಡು ಕಟಕಟ ಅಗಿಯುತ್ತಿದ್ದಳು. ಪಕ್ಕದ ಖೋಲಿಯ ಶಾಂತಕ್ಕ ಗೋಡೆಯಾಚೆಯಿಂದ ಕೂಗಿದಳು:

"ಏ ನೀಲವ್ವಾ, ರೊಟ್ಟಿ ತಿನ್ನಾಕತ್ತಿಯೋ, ಗ್ವಾಡಿ ಒಡ್ಯಾಕತ್ತಿಯೋ?"

"ಗ್ವಾಡಿ ಬಿದ್ರ ನಿನಗೂ ಒಂದ ರೊಟ್ಟಿ ಸಿಗತೈತಿ, ಬಾ!" ಅವ್ವ ಬಾಯಿ ತುಂಬ ನಕ್ಕಳು.

ಮರುದಿನ ಬೆಳಿಗ್ಗೆ ಮೋರಿಯ ಬಳಿ ಕೂತು ಹಲ್ಲುಜ್ಜಿ ಉಗುಳಿದಾಗ ರಕ್ತ ಬಂತು. "ಬ್ರಷ್ ಚುಚ್ಚೈತಿ" ಎಂದು ಅವ್ವ ಬ್ರಷ್ಷನ್ನೇ ಬಿಟ್ಟಳು. ಶಾಂತಕ್ಕ ಮಿಶ್ರಿ ಕೊಟ್ಟಳು. ತಂಬಾಕನ್ನು ತವೆಯ ಮೇಲೆ ಕಪ್ಪಗೆ ಹುರಿದು ಅರೆದ ಪುಡಿ ಅದು. ಚಾಳಿನ ಹೆಂಗಸರಲ್ಲಿ ಹೆಚ್ಚಿನವರು ಅದನ್ನೇ ತಿಕ್ಕುತ್ತಿದ್ದರು. ಹುರಿಯುವಾಗಿನ ಘಾಟಿಗೆ ನಾವು ಮಕ್ಕಳು ಆಟ ಬಿಟ್ಟು ಕೆಮ್ಮುತ್ತ ಹೊರಗೆ ಓಡುತ್ತಿದ್ದೆವು. ಅದನ್ನು ತಿಕ್ಕಿದ ಮೇಲೆ ಅವ್ವನ ಒಸಡು ಜೋಮು ಹಿಡಿಯಿತು. ರಕ್ತವೂ ನಿಂತಿತು.

"ನೋಡ, ಆರಾಮಾತು" ಎಂದಳು. ನಾವೆಲ್ಲ ನಂಬಿದೆವು.

ಎರಡನೆಯ ಮಳೆಗಾಲದ ಹೊತ್ತಿಗೆ ಬಾಯಿ ವಾಸನೆ ಬರತೊಡಗಿತು. ಮುಂದಿನ ಹಲ್ಲುಗಳು ಉದ್ದವಾದಂತೆ ಕಂಡವು, ಆಮೇಲೆ ಅಲುಗಾಡಿದವು.

ದವಾಖಾನೆಯ ಡಾಕ್ಟರಮ್ಮನಿಗೆ ಕನ್ನಡ ಬರದು, ಅವ್ವನಿಗೆ ಹಿಂದಿ ಅರ್ಧಂಬರ್ಧ. ನಡುವೆ ನಾನು, ಐದನೆಯ ತರಗತಿಯವಳು. ಹಲ್ಲಿನ ಬುಡದಲ್ಲಿ ಕೊಳೆ ಗಟ್ಟಿಯಾಗಿ ಒಸಡು ಬಿಟ್ಟುಕೊಂಡಿದೆ, ಒಳಗಿನ ಎಲುಬು ಕರಗಿದೆ ಎಂದರು. ರಕ್ತ ಕಂಡಾಗಲೇ ಬಂದು ಕೊಳೆ ತೆಗೆಸಬೇಕಿತ್ತಂತೆ, ಮೆತ್ತನೆಯ ಬ್ರಷ್‌ನಿಂದ ತಿಕ್ಕುವುದನ್ನು ಬಿಡಬಾರದಿತ್ತಂತೆ. ಮಿಶ್ರಿ ರಕ್ತವನ್ನು ತಡೆದು ರೋಗವನ್ನು ಮರೆಮಾಡಿತ್ತು.

"ಏನಂತಾರ?" ಅವ್ವ ಕೇಳಿದಳು.

"ಮುಂದಿನ ಹಲ್ಲೆಲ್ಲಾ ತಗೀಬೇಕಂತ, ಅವ್ವಾ."

"ಹಲ್ಲಿಗಿ ಹುಳಾ ಹತ್ತಿಲ್ಲಲ್ಲ! ಉಳಸ್ರಿ ಅಂತ ಹೇಳ. ಹೇಳ ನೀ."

ಹೇಳಿದೆ. ಡಾಕ್ಟರಮ್ಮ ನನ್ನ ತಲೆ ಸವರಿದರು. ಅದನ್ನು ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ಹಲ್ಲು ತೆಗೆಸಿದ ಮೇಲೆ ಅವ್ವ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ, ನಮಗೆ ಬೆನ್ನು ಮಾಡಿ ಕೂತು ತಿನ್ನುತ್ತಿದ್ದಳು. ಶಾಂತಕ್ಕ ಚೇಷ್ಟೆ ಮಾಡಿದರೆ ಅವ್ವನ ಸೆರಗು ಬಾಯಿಗೆ ಹೋಗುತ್ತಿತ್ತು. ಕಟ್ಟಿಸಿದ ಹಲ್ಲು ಹಾಕಿಕೊಂಡ ಮೇಲೂ ಆ ರೂಢಿ ಹೋಗಲಿಲ್ಲ.

ಈ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಗೋಡೆಗೆ ಹಾಕಲು ಒಂದು ಫೋಟೋ ಬೇಕೆಂದು ಎಲ್ಲರ ಮೊಬೈಲಿನಲ್ಲೂ ಹುಡುಕಿದೆವು. ಬೇಕಾದಷ್ಟಿವೆ. ಎಲ್ಲದರಲ್ಲೂ ತುಟಿ ಬಿಗಿದುಕೊಂಡಿದ್ದಾಳೆ. ನಗುವ ಅವ್ವನ ಫೋಟೋ ನಮ್ಮ ಹತ್ತಿರ ಒಂದೂ ಇಲ್ಲ.