ದೊಡ್ಡಮ್ಮ ಎಂಜಲು ಮಾಡಿದ ವೈನ್ ಗ್ಲಾಸು

ಇವತ್ತು ಬೆಳಿಗ್ಗೆ ಷೋಕೇಸಿನ ಧೂಳು ಒರೆಸುವಾಗ ಆ ಉದ್ದನೆಯ ಗ್ಲಾಸು ಕೈಗೆ ಸಿಕ್ಕಿತು. ವೈನ್ ಗ್ಲಾಸು ಎಂದೊಡನೆ ನನ್ನ ಬಗ್ಗೆ ಏನೇನೋ ಅಂದುಕೊಳ್ಳಬೇಡಿ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯವರು ಯಾರೂ ಅದರಲ್ಲಿ ನೀರು ಸಹ ಕುಡಿದಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ನಂದಿಯ ಹತ್ತಿರ ದ್ರಾಕ್ಷಿ ತೋಟವೊಂದರಲ್ಲಿ, ಬಂದವರಿಗೆ ವೈನ್ ರುಚಿ ತೋರಿಸುವ ಕೋಣೆ ತೆರೆದರು. ಡಿಗ್ರಿ ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ನೊಣ ಹೊಡೆಯುತ್ತಾ ಕೂತಿದ್ದ ನಾನು ಅರ್ಜಿ ಹಾಕಿದೆ. ಅಲ್ಲಿನ ಮ್ಯಾನೇಜರು ಮೂರು ಗ್ಲಾಸು ಕೈಗಿಟ್ಟು, "ಕೆಂಪು ವೈನಿಗೆ ದೊಡ್ಡ ಹೊಟ್ಟೇದು, ಬಿಳೀದಕ್ಕೆ ಚಿಕ್ಕದು, ನೊರೆ ಬರೋದಕ್ಕೆ ಉದ್ದಂದು. ಒಂದು ವಾರ ಅಭ್ಯಾಸ ಮಾಡ್ಕೊಂಡು ಬನ್ನಿ" ಎಂದರು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಅಭ್ಯಾಸಕ್ಕೆ ಗಿರಾಕಿಯಾಗಿ ಸಿಕ್ಕವಳು ನನ್ನನ್ನು ಸಾಕಿದ ದೊಡ್ಡಮ್ಮ. ಜನ್ಮದಲ್ಲಿ ಲೋಟಕ್ಕೆ ತುಟಿ ತಾಗಿಸಿದವಳಲ್ಲ. ಎಂಜಲಾಗದ ಹಾಗೆ ಮೇಲೆತ್ತಿ ಗಂಟಲಿಗೆ ಧಾರೆ ಬಿಡುವುದೇ ನಮ್ಮ ಮನೆಯ ಪದ್ಧತಿ. ಕೆಂಪಿಗೆ ಬೀಟ್‌ರೂಟ್ ಬೇಯಿಸಿದ ನೀರು, ಬಿಳಿಗೆ ನಿಂಬೆ ಪಾನಕ, ನೊರೆಗೆ ಗೋಲಿ ಸೋಡಾ ಇಟ್ಟೆ. ದೊಡ್ಡ ಹೊಟ್ಟೆಯದನ್ನು ಎತ್ತಿದಳು ನೋಡಿ, ಬೀಟ್‌ರೂಟ್ ನೀರೆಲ್ಲ ಮೂಗಿನ ಮೇಲೆ!

"ಈ ಗುಂಡಂದನ್ನ ನಂಬೋ ಹಂಗಿಲ್ಲ ಕಣೇ. ಉದ್ದಂದ್ರಲ್ಲಿ ನೋಡು, ಧಾರೆ ನೆಟ್ಟಗೆ ಬರುತ್ತೆ. ಎಲ್ಲಾರ್ಗೂ ಇದ್ರಲ್ಲೇ ಕೊಡು."

"ಮೂಗು ಒಳಗಿಟ್ಟು ವಾಸನೆ ನೋಡ್ಬೇಕು ದೊಡ್ಡಮ್ಮ, ಅದಕ್ಕೇ ಅಗಲ."

"ಕುಡಿಯಕ್ಕೆ ದೇವ್ರು ಬಾಯಿ ಕೊಟ್ಟವ್ನೆ. ಮಧ್ಯದಲ್ಲಿ ಮೂಗ್ಯಾಕಮ್ಮ?"

ತೊಳೆಯುವುದು ಬೇರೆಯೇ ಕಥೆ. ಅವಳು ಹುಣಸೆಹಣ್ಣು, ಬೂದಿ ಹಿಡಿದು ಹೊರಟಾಗ ಕಿರುಚಿಕೊಂಡೆ. ಸೋಪಿನ ವಾಸನೆಯೂ ಉಳಿಯಬಾರದು, ಬರೀ ಬಿಸಿನೀರು ಸಾಕು, ಒರೆಸಿದ ಬಟ್ಟೆಯ ಎಳೆ ಅಂಟಬಾರದು ಎಂದೆ. ದೊಡ್ಡಮ್ಮ ತನ್ನ ಹಳೆಯ ಹತ್ತಿ ಸೀರೆಯಿಂದ ಒಂದು ತುಂಡು ಹರಿದುಕೊಟ್ಟಳು. ಒಗೆದೂ ಒಗೆದೂ ಮೆತ್ತಗಾಗಿದ್ದ ಆ ಬಟ್ಟೆಯಿಂದ ಒರೆಸಿದರೆ ಗ್ಲಾಸು ಇದೆಯೋ ಇಲ್ಲವೋ ಎನ್ನುವ ಹಾಗಾಯಿತು.

ಪರೀಕ್ಷೆಯ ದಿನ ಮ್ಯಾನೇಜರು ಗ್ಲಾಸನ್ನು ಬೆಳಕಿಗೆ ಹಿಡಿದು ತಲೆದೂಗಿದರು. ಯಾವ ವೈನಿಗೆ ಯಾವುದು ಎಂದು ಗಿಣಿಪಾಠ ಒಪ್ಪಿಸಿದೆ. ಕೊನೆಗೆ, "ನೀವೂ ರುಚಿ ನೋಡಿ" ಎಂದರು. ನೋಡಿದೆ. ಮೇಲೆತ್ತಿ! ಕೆಂಪು ವೈನು ಮುಖದಿಂದ ಬಿಳಿ ಚೂಡಿದಾರಕ್ಕೆ ಇಳಿಯಿತು. ನಾಚಿಕೆಗೆ ಅಳುವೇ ಬಂತು.

"ರುಚಿ ತೋರಿಸೋ ಕೆಲಸ ನಿಮಗೆ ಬೇಡ ಬಿಡಿ," ಎಂದರು ಅವರು ನಗು ತಡೆಯುತ್ತಾ. "ಗ್ಲಾಸುಗಳನ್ನ ನೋಡ್ಕೊಳ್ತೀರಾ? ಇಷ್ಟು ಚೆನ್ನಾಗಿ ಒರೆಸಿದ್ದು ನಾನು ಕಂಡಿಲ್ಲ."

ಕೆಲಸಕ್ಕೆ ಸೇರಿ ತಿಂಗಳಾದ ಮೇಲೆ ದೊಡ್ಡಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮ್ಯಾನೇಜರು ಉದ್ದನೆಯ ಗ್ಲಾಸಿನಲ್ಲಿ ದ್ರಾಕ್ಷಿ ರಸ ಕೊಟ್ಟರು. ಅವಳು ಮೇಲೆತ್ತಿದಳು, ನನ್ನ ಮುಖ ನೋಡಿದಳು, ಇಳಿಸಿದಳು. ಕಣ್ಣು ಮುಚ್ಚಿಕೊಂಡು ತುಟಿಗೆ ತಾಗಿಸಿ ಕುಡಿದಳು. ಎಪ್ಪತ್ತು ವರ್ಷದ ಪದ್ಧತಿಯನ್ನು ನನ್ನ ಮಾನಕ್ಕಾಗಿ ಬಿಟ್ಟಿದ್ದಳು. ನಾನು ಹೆಮ್ಮೆಯಿಂದ ಮ್ಯಾನೇಜರ ಕಡೆ ತಿರುಗಿದೆ. ಅಷ್ಟರಲ್ಲಿ ಗ್ಲಾಸು ಅವಳ ಚೀಲದೊಳಗೆ ಸೇರಿತ್ತು.

"ಅಮ್ಮಾ, ಅದು ನಮ್ಮ ಗ್ಲಾಸು!" ಎಂದರು ಮ್ಯಾನೇಜರು.

"ಎಂಜಲು ಮಾಡ್ಬಿಟ್ಟೆನಲ್ಲಪ್ಪ. ಇನ್ನೊಬ್ರಿಗೆ ಹೆಂಗೆ ಕೊಡ್ತೀಯ?"

ಅವರು ನಗುತ್ತಾ ಕೈ ಮುಗಿದು ಗ್ಲಾಸು ಬಿಟ್ಟುಕೊಟ್ಟರು.

ದೊಡ್ಡಮ್ಮ ತೀರಿಕೊಂಡು ವರ್ಷಗಳಾದವು. ಅವಳ ಎಂಜಲಿನ ಗ್ಲಾಸೆಂದು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಇವತ್ತು ಬಿಸಿನೀರಲ್ಲಿ ತೊಳೆದು ಮಜ್ಜಿಗೆ ತುಂಬಿದೆ. ಎತ್ತಿ ಕುಡಿಯಲು ಮನಸ್ಸಾಗಲಿಲ್ಲ. ಅವಳ ತುಟಿ ತಾಗಿದ್ದು ಯಾವ ಕಡೆಯೋ ಗೊತ್ತಿಲ್ಲ. ಅದಕ್ಕೇ ಗ್ಲಾಸನ್ನು ತಿರುಗಿಸಿ ತಿರುಗಿಸಿ, ಅಂಚಿನ ಸುತ್ತಲೂ ತುಟಿ ತಾಗಿಸಿ ಕುಡಿದೆ.