ಬರಬೇಡ ಎಂದರೂ ಬಂದ ಎಸ್ತೇರ್

ನಮ್ಮ ಯಜಮಾನರಿಗೆ ಜ್ವರ ಬಂದದ್ದು ಮಲಾವಿಯಲ್ಲಲ್ಲ, ಪೀಣ್ಯದಲ್ಲಿ. ಆಫ್ರಿಕಾದ ಆ ಉರಿಬಿಸಿಲಿನ ದೇಶದಲ್ಲಿ, ಸಂಜೆಯಾದರೆ ಸೊಳ್ಳೆಗಳು ಹೊಗೆಯಂತೆ ಏಳುವ ಸರೋವರದ ದಂಡೆಯಲ್ಲಿ, ಎರಡು ವರ್ಷ ಒಂದು ನೆಗಡಿಯನ್ನೂ ಕಾಣದೆ ಓಡಾಡಿದ ಮನುಷ್ಯ ಸ್ವಂತ ಊರಿಗೆ ಬಂದು ತಿಂಗಳು ತುಂಬುವ ಮೊದಲೇ ಹಾಸಿಗೆ ಹಿಡಿದರು. ಕರ್ತನನ್ನು ನಂಬಿದ ನನ್ನ ಒಡಹುಟ್ಟಿದವರೇ, ಆತನು ಅವರನ್ನು ನನಗೆ ಹೇಗೆ ಮರಳಿ ಕೊಟ್ಟನೆಂಬುದನ್ನು ನಿಮಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ನನಗೆ ಮಾತು ಕಲಿಸಿದ ನಮ್ಮಜ್ಜಿ ಯಾವ ಕತೆಯನ್ನೂ ಗಿಡ್ಡ ಮಾಡಿ ಹೇಳಿದವರಲ್ಲ.

ನಮ್ಮವರ ಹೆಸರು ಸಮುವೇಲಪ್ಪ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿ ದುಡಿದು ನಿವೃತ್ತರಾದವರು. ನಾನು ಗಾರ್ಮೆಂಟ್ಸಿನಲ್ಲಿ ಹೊಸ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದೆ. ಇಬ್ಬರಿಗೂ ಕೆಲಸ ಮುಗಿದು ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದಾಗ ನಮ್ಮ ಸಭೆಯ ಪಾಸ್ಟರು ಬಂದು, ಮಲಾವಿಯ ಒಂದು ಮಿಷನ್ ಶಾಲೆಗೆ ಕೈಪಂಪು ರಿಪೇರಿ ಬಲ್ಲವರು, ಹೊಲಿಗೆ ಬಲ್ಲವರು ಬೇಕಂತೆ, ವಯಸ್ಸಾದ ದಂಪತಿಗಳಾದರೆ ಇನ್ನೂ ಒಳ್ಳೆಯದಂತೆ ಎಂದರು. "ವಯಸ್ಸಾದವರು ಅನ್ನೋ ಒಂದೇ ಕಾರಣಕ್ಕೆ ಕೆಲಸ ಸಿಗೋದು ದೇವರ ರಾಜ್ಯದಲ್ಲಿ ಮಾತ್ರ ಕಣೇ, ನಡಿ ಹೋಗೋಣ" ಎಂದು ನಮ್ಮವರು ಆಗಲೇ ಪೆಟ್ಟಿಗೆ ಹುಡುಕತೊಡಗಿದರು.

ಅಲ್ಲಿಯ ಎರಡು ವರ್ಷದ ಸೇವೆಯನ್ನು ಬರೆಯಹೊರಟರೆ ಅದೇ ಒಂದು ಪುಸ್ತಕ. ಅಲ್ಲಿಯವರು ಮುಸುಕಿನ ಜೋಳದ ಹಿಟ್ಟಿನಲ್ಲಿ ನಮ್ಮ ಮುದ್ದೆಯಂಥದ್ದನ್ನೇ ಮಾಡಿ ಉಣ್ಣುತ್ತಾರೆ. "ರಾಗಿ ಒಂದು ಇದ್ದಿದ್ರೆ ಇದು ಮಾಗಡಿ ರೋಡೇ" ಎನ್ನುತ್ತಿದ್ದರು ಇವರು. ಇವರು ಪಂಪಿನ ಕೊಳವೆ ಎತ್ತಿದರೆ ಊರಿನ ಹೆಂಗಸರೆಲ್ಲ ಸುತ್ತ ನಿಂತು ಹಾಡುತ್ತಿದ್ದರು. ಯಾರಿಗೆ ಏನು ಸಹಾಯ ಮಾಡಿದರೂ ಅಲ್ಲಿಯ ಹೆಂಗಸರು ಎದುರಿಗೆ ಬಂದು ಮೊಣಕಾಲೂರಿ, ಬೊಗಸೆ ಮಾಡಿದ ಕೈಗಳನ್ನು ಮೆಲ್ಲಗೆ ತಟ್ಟಿ ವಂದನೆ ಹೇಳುತ್ತಾರೆ. ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದರೆ ಅದು ವಂದನೆಯೇ ಅಲ್ಲ ಅವರಿಗೆ.

ಎಸ್ತೇರ್ ನನ್ನ ಹೊಲಿಗೆ ತರಗತಿಯವಳು. ಅವಳ ಪುಟ್ಟ ಮಗಳಿಗೆ ಹೃದಯದಲ್ಲಿ ರಂಧ್ರ. ನಮ್ಮ ಸಭೆಯವರು ಓಡಾಡಿ, ಹೊಸೂರು ರಸ್ತೆಯ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಗೊತ್ತುಮಾಡಿದ್ದರು. ನಾವು ಊರಿಗೆ ಬಂದ ಸ್ವಲ್ಪ ದಿನಕ್ಕೆ ತಾಯಿ ಮಗಳು ಅಲ್ಲಿಗೆ ಬಂದಿಳಿಯುವುದೆಂದು ಮಾತಾಗಿತ್ತು.

ನಾವು ಬಂದದ್ದು ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ. ನಮ್ಮ ಮನೆಯೊಡತಿ ಗಂಗಮ್ಮನವರು ಪೀಣ್ಯ ಇನ್ನೂ ಹೊಲವಾಗಿದ್ದ ಕಾಲದಿಂದ ಇದ್ದವರು. ಗೇಟಿನಲ್ಲೇ ಶುರುಮಾಡಿದರು.

"ಅಲ್ಲ ಸುಶೀಲಮ್ಮ, ಆಫ್ರಿಕಾಗೋಗಿ ಎಲ್ಡು ವರ್ಸ ಇದ್ದು ಒಂದು ಸಿಂಹಾನೂ ನೋಡಿಲ್ಲ ಅಂತಾರಲ್ಲ ನಿಮ್ಮೆಜಮಾನ್ರು, ಮತ್ಯಾಕೋಗಿದ್ರಂತೆ?"

"ಬೋರ್‌ವೆಲ್ ನೋಡ್ದೆ ಗಂಗಮ್ಮೋರೆ. ಸಿಂಹ ನೀರು ಕೊಡಲ್ವಲ್ಲ!" ಎಂದರು ಇವರು.

ಹೀಗೆ ನಗುನಗುತ್ತಿದ್ದವರು ಒಂದು ಮಧ್ಯಾಹ್ನ ಹೊದಿಕೆ ಕೇಳಿದರು. ಎರಡು ಹೊದಿಸಿದರೂ ಮಂಚ ಅಲುಗುವಂತೆ ನಡುಕ. ಮರುದಿನ ನಾನು ಯಾರೆಂದು ಗುರುತು ಸಿಗದೆ ತೀರಿಹೋದ ತಮ್ಮ ಅಕ್ಕನ ಹೆಸರು ಹಿಡಿದು ಕರೆದರು. ಗಂಗಮ್ಮನವರ ಮಗನ ಕಾರಿನಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದೆವು.

ಅಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ಕೇಳಬೇಕಾದದ್ದನ್ನೆಲ್ಲ ಕೇಳಿದರು.

"ಮಲೇರಿಯಾ ಇರೋ ದೇಶದಿಂದ ಬಂದಿದ್ದೀರ. ಅದು ಬರದ ಹಾಗೆ ವಾರಕ್ಕೊಂದು ಮಾತ್ರೆ ಕೊಟ್ಟಿರ್ತಾರಲ್ಲ, ತಗೋತಿದ್ರಾ? ಇಲ್ಲಿಗೆ ಬಂದ್ಮೇಲೂ ನಾಲ್ಕು ವಾರ ತಗೋಬೇಕು."

"ಒಂದು ವಾರಾನೂ ತಪ್ಪಿಸಿಲ್ಲ ಡಾಕ್ಟ್ರೇ. ಇಲ್ಲಿಗೆ ಬಂದ್ಮೇಲೂ ಪ್ರತಿ ಭಾನುವಾರ ಚರ್ಚಿಂದ ಬಂದು ನಂಜೊತೇಲೇ ನುಂಗ್ತಾರೆ, ನನ್ನ ಕಣ್ಣೆದುರಿಗೇ" ಎಂದೆ. ಎದೆಯ ಮೇಲೆ ಕೈಯಿಟ್ಟು ಹೇಳಿದೆ.

ರಕ್ತ ನೋಡಿದರು. ಮಲೇರಿಯಾ ಕಾಣಲಿಲ್ಲ. ಆ ವರ್ಷ ನಮ್ಮ ಬೀದಿಯಲ್ಲಿ ಮನೆಮನೆಗೂ ಡೆಂಗಿ. ಇವರ ಪ್ಲೇಟ್‌ಲೆಟ್ಟೂ ಇಳಿಯುತ್ತಿತ್ತು. ಹಾಗಾಗಿ ಡೆಂಗಿಯೆಂದೇ ನೋಡಿಕೊಳ್ಳತೊಡಗಿದರು. ಯಾರನ್ನೂ ದೂರುವಂತಿಲ್ಲ, ನಾನು ಹೇಳಿದ್ದನ್ನು ನಂಬಿ ಅವರು ನಡೆದರು, ಕಣ್ಣಾರೆ ಕಂಡದ್ದನ್ನು ನಾನು ಹೇಳಿದ್ದೆ.

ಇವರು ಮಾತ್ರ ದಿನದಿಂದ ದಿನಕ್ಕೆ ಜಾರುತ್ತಿದ್ದರು. ಕಣ್ಣು ಹಳದಿಯಾಯಿತು. ಮೂತ್ರ ಕಡಿಮೆಯಾಯಿತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಕಿಡ್ನಿ ಸೋಲ್ತಾ ಇದೆ ಅಮ್ಮ. ಡೆಂಗೀಲಿ ಹೀಗಾಗೋದು ಅಪರೂಪ. ಎಲ್ಲೋ ನಮಗೆ ಏನೋ ಕಾಣಿಸ್ತಿಲ್ಲ. ನಾಳೆಗೂ ಹೀಗೇ ಇದ್ರೆ ದೊಡ್ಡ ಆಸ್ಪತ್ರೆಗೆ ಕಳಿಸ್ಬೇಕು. ದಾರೀಲಿ ಹೆಂಗೋ ಏನೋ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು.

ಗಂಗಮ್ಮನವರು ಫ್ಲಾಸ್ಕಿನಲ್ಲಿ ಕಾಫಿ ತಂದು ನನ್ನ ಪಕ್ಕ ಕುಳಿತರು. "ನಾನೂ ನಮ್ಮ ಮಾರಮ್ಮಂಗೆ ಏಳ್ಕೊಂಡಿವ್ನಿ. ನೀವು ನಿಮ್ಮ ಸ್ವಾಮೀನ ಬಿಡ್ಬ್ಯಾಡಿ. ಇಂಗೆ ಬಾಯ್ಮುಚ್ಕೊಂಡು ಕುಂತ್ರೆ ಅವನಿಗಾದ್ರೂ ಎಂಗ್ ಗೊತ್ತಾದಾತು?" ಎಂದು ಗದರಿಸಿದರು.

ನಿಜ ಹೇಳುತ್ತೇನೆ, ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಎರಡು ವರ್ಷ ಪರದೇಶದಲ್ಲಿ ಇನ್ನೊಬ್ಬರಿಗಾಗಿ ಗಟ್ಟಿ ದನಿಯಲ್ಲಿ ಪ್ರಾರ್ಥಿಸಿದ ಬಾಯಿ ಸ್ವಂತ ಗಂಡನ ಹಾಸಿಗೆಯ ಪಕ್ಕ ಒಣಗಿಹೋಗಿತ್ತು. ಕರೆದ ಕಡೆ ಹೋಗಿ ಸೇವೆ ಮಾಡಿ ಬಂದದ್ದಕ್ಕೆ ಇದೇನು ಕೂಲಿ ಎಂಬ ಮಾತು ಮನಸ್ಸಿಗೆ ಬಂದುಹೋಯಿತು. ಗಂಗಮ್ಮನವರು ಹೋದ ಮೇಲೆ ಕಾರಿಡಾರಿನ ಕುಡಿಯುವ ನೀರಿನ ಕ್ಯಾನಿನ ಹತ್ತಿರ ಗೋಡೆಗೆ ಹಣೆಯಿಟ್ಟು ಇಷ್ಟೇ ಹೇಳಿದೆ: "ಕರ್ತನೇ, ಇವರಿಗೆ ಏನಾಗಿದೆ ಅಂತ ಗೊತ್ತಿರೋನು ನೀನೊಬ್ಬನೇ. ಡಾಕ್ಟರಮ್ಮಂಗೆ ಹೇಳು. ಯಾರ ಕೈಲಾದ್ರೂ ಹೇಳಿ ಕಳಿಸು. ನಂಗಿನ್ನೇನೂ ಬೇಡ."

ಆ ಬೆಳಿಗ್ಗೆಯೇ ಎಸ್ತೇರ್ ಫೋನು ಮಾಡಿದ್ದಳು. ಮಗಳ ಆಪರೇಷನ್ ಚೆನ್ನಾಗಿ ಆಯಿತು, ಮಗು ಕುಳಿತು ಹಾಲು ಕುಡಿಯುತ್ತಿದೆ, ಜೊತೆಗೆ ಬಂದ ಅಜ್ಜಿ ನೋಡಿಕೊಳ್ಳುತ್ತಾಳೆ, ನಾನು ನಿಮ್ಮನ್ನು ಕಾಣಲು ಬರುತ್ತೇನೆ ಎಂದಿದ್ದಳು. ನಾನು ನಮ್ಮ ಸಂಕಟ ಹೇಳಿ, ಆಸ್ಪತ್ರೆಯ ಹೆಸರೂ ಹೇಳಿ, "ಈಗ ಬರಬೇಡ ಮಗಳೇ, ಊರಿನ ಆ ತುದಿಯಿಂದ ಈ ತುದಿ, ದಾರಿ ತಪ್ಪುತ್ತೀಯ" ಎಂದು ಫೋನಿಟ್ಟಿದ್ದೆ. ಅವಳ ಸಂತೋಷವನ್ನು ಕೇಳುವ ಶಕ್ತಿಯೂ ನನಗಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ನೋಡುತ್ತೇನೆ, ಕಾರಿಡಾರಿನ ತುದಿಯಲ್ಲಿ ಎಸ್ತೇರ್! ನಾನು ಕಲಿಸಿದ ಹೊಲಿಗೆಯ ನೀಲಿ ಅಂಗಿ, ಸೊಂಟಕ್ಕೆ ಅವರ ದೇಶದ ಬಣ್ಣದ ಬಟ್ಟೆ. ಬೊಮ್ಮನಹಳ್ಳಿ, ಸಿಲ್ಕ್ ಬೋರ್ಡು, ಮೆಜೆಸ್ಟಿಕ್ಕು, ಯಶವಂತಪುರ ಎಂದು ಬಸ್ಸಿನ ಹೆಂಗಸರು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಕಳಿಸಿಕೊಟ್ಟಿದ್ದರು. ಕೊನೆಯ ಬಸ್ಸಿನ ಕಂಡಕ್ಟರು ಇಳಿದು ಬಂದು ಗೇಟು ತೋರಿಸಿ ಹೋದರಂತೆ.

ನನ್ನನ್ನು ಕಂಡವಳೇ ಅಲ್ಲಿಯೇ ನೆಲದ ಮೇಲೆ ಮೊಣಕಾಲೂರಿ ಬೊಗಸೆ ಕೈ ತಟ್ಟತೊಡಗಿದಳು. ಓಡಾಡುವವರೆಲ್ಲ ನಿಂತುಬಿಟ್ಟರು. ಸೆಕ್ಯೂರಿಟಿಯವನು, "ಏನಕ್ಕ ಇದು, ಎದ್ದೇಳ್ಸಿ ಅವ್ರನ್ನ, ದಾರಿ ಬಿಡ್ಬೇಕು" ಎಂದ.

"ಏಳು ಮಗಳೇ, ಇದಕ್ಕೆಲ್ಲ ಈಗ ಸಮಯವಲ್ಲ" ಎಂದೆ, ನಾನು ಕಲಿತಿದ್ದ ಅರೆಬರೆ ಅವರ ಭಾಷೆಯಲ್ಲಿ.

"ಹೇಳಿ ಮುಗಿಸಿ ಏಳುತ್ತೇನೆ ಅಮ್ಮ. ಅಪ್ಪನಿಗೆ ಹೇಳಬೇಕಾದದ್ದು. ಅವರಿಗೆ ಎಚ್ಚರವಿಲ್ಲದಿದ್ದರೆ ನಿಮಗೇ ಹೇಳುತ್ತೇನೆ. ಅಪ್ಪ ತಮ್ಮ ಮಾತ್ರೆ ಕೊಡದಿದ್ದರೆ ನನ್ನ ಮಗಳಿಗೆ ಆಪರೇಷನ್ ಇರಲಿಲ್ಲ."

"ಯಾವ ಮಾತ್ರೆ?"

"ವಾರದ ಮಾತ್ರೆ. ಆಪರೇಷನ್ನಿಗೆ ಮುಂಚೆ ಮಗುವಿಗೆ ಜ್ವರ ಬರಲೇಬಾರದು ಅಂದಿದ್ದರಲ್ಲ. ನಮ್ಮ ಕ್ಲಿನಿಕ್ಕಿನಲ್ಲಿ ಆ ಮಾತ್ರೆ ಮುಗಿದುಹೋಗಿತ್ತು. ಹೊರಡುವ ದಿನ ಅಪ್ಪ ತಮ್ಮದನ್ನೆಲ್ಲ ಕೊಟ್ಟರು. ನರ್ಸು ಮಗುವಿನ ತೂಕ ನೋಡಿ ಮುರಿದು ಮುರಿದು ಕೊಟ್ಟಳು. ಯಾರಿಗೂ ಹೇಳಬೇಡ, ಅಮ್ಮನಿಗಂತೂ ಹೇಳಲೇಬೇಡ, ನಾನು ಇಂಡಿಯಾದಲ್ಲಿ ಕೊಂಡುಕೊಳ್ಳುತ್ತೇನೆ ಅಂದಿದ್ದರು. ವಂದನೆ ಹೇಳದೆ ನಾನು ಹೇಗೆ ಹಿಂದಿರುಗಲಿ ಅಮ್ಮ?"

ಹಾಗಾದರೆ ಭಾನುವಾರ ಭಾನುವಾರ ನನ್ನೆದುರಿಗೆ ನುಂಗಿದ್ದು? ಅವರ ಬಿಪಿ ಮಾತ್ರೆ! ದಿನವೂ ನುಂಗುವ ಅದನ್ನೇ ಭಾನುವಾರ ನನ್ನ ಜೊತೆ ಕುಳಿತು ನುಂಗಿದ್ದರು ಮಹಾನುಭಾವರು.

ಎಸ್ತೇರಳನ್ನು ಎಬ್ಬಿಸಿದೆನೋ ಇಲ್ಲವೋ ನೆನಪಿಲ್ಲ. ಡಾಕ್ಟರಮ್ಮನ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದೆ.

"ಡಾಕ್ಟ್ರೇ, ನಾನು ಹೇಳಿದ್ದು ಸುಳ್ಳಾಯ್ತು. ಅವರು ಮಾತ್ರೆ ತಗೊಂಡೇ ಇಲ್ಲ. ಅಲ್ಲಿಂದ ಹೊರಟಾಗಿನಿಂದ ಒಂದೂ ತಗೊಂಡಿಲ್ಲ!"

ಅವರು ಬಾಯಿಗಿಡುತ್ತಿದ್ದ ಚಪಾತಿ ಕೆಳಗಿಟ್ಟು ಎದ್ದರು. "ಸಿಸ್ಟರ್, ಬ್ಲಡ್ ಇನ್ನೊಂದ್ಸಲ ತೆಗೀರಿ. ಲ್ಯಾಬಿಗೆ ನಾನೇ ಬರ್ತೀನಿ."

ಅವರೇ ಕುಳಿತು ನೋಡಿದರು. ಈ ಸಲ ಸಿಕ್ಕಿತು. ಅದೂ ಮಿದುಳಿಗೇರುವ ಕೆಟ್ಟ ಜಾತಿಯ ಮಲೇರಿಯಾ. ಹೊರಬಂದ ಅವರ ಮುಖದಲ್ಲಿ ಹೆದರಿಕೆಗಿಂತ ಬಿಡುಗಡೆಯೇ ಹೆಚ್ಚಾಗಿತ್ತು. "ಈಗ ಶತ್ರು ಯಾರು ಅಂತ ಗೊತ್ತಾಯ್ತು ಅಮ್ಮ. ಇದಕ್ಕೆ ಇಂಜೆಕ್ಷನ್ ಇದೆ" ಎಂದು, ತಮಗೆ ಪರಿಚಯದ ಇನ್ನೊಂದು ಆಸ್ಪತ್ರೆಯಿಂದ ಅದನ್ನು ತರಿಸಿ ಅಂದೇ ಶುರುಮಾಡಿದರು. ಎಸ್ತೇರ್ ಸಂಜೆಯವರೆಗೂ ನನ್ನ ಕೈ ಹಿಡಿದು ಕುಳಿತಿದ್ದಳು. ಆಮೇಲೆ ಗಂಗಮ್ಮನವರು ಬಂದು, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಅವಳ ತಲೆ ನೇವರಿಸಿ, ಮಗನ ಕಾರಿನಲ್ಲಿ ಅವಳನ್ನು ಮಗಳ ಬಳಿಗೆ ಕಳಿಸಿಕೊಟ್ಟರು.

ನಡುಕ ನಿಂತಿತು. ಜ್ವರ ಇಳಿಯಿತು. ಮೂತ್ರ ಸರಾಗವಾಯಿತು. ಇವರು ಕಣ್ಣು ಬಿಟ್ಟು ನನ್ನನ್ನು ಗುರುತಿಸಿ, "ಸುಶೀಲಾ" ಎಂದು ನನ್ನದೇ ಹೆಸರು ಹಿಡಿದು ಕರೆದರು. ನಡೆದದ್ದನ್ನು ಹೇಳಿದೆ. ಕೇಳಿ ಸಂಕೋಚದಿಂದ, "ಹೇಳ್ಬಿಟ್ಟಳಾ ಆ ಹುಡುಗಿ? ಬೇಡ ಅಂದಿದ್ದೆ" ಎಂದರು.

"ಇಲ್ಲಿ ಕೊಂಡ್ಕೋತೀನಿ ಅಂದಿದ್ರಂತಲ್ಲ ರೀ?"

"ಎರಡು ಅಂಗಡೀಲಿ ಕೇಳ್ದೆ ಕಣೇ. ಸ್ಟಾಕಿಲ್ಲ ಅಂದ್ರು. ಊರಿಗೆ ಬಂದಾಯ್ತಲ್ಲ, ಇನ್ನೇನು ಅಂತ ಬಿಟ್ಟೆ."

"ದೇವ್ರು ನಿಮ್ಗೆ ಒಳ್ಳೆ ಮನಸ್ಸು ಕೊಟ್ಟ. ಅದರ ಜೊತೆ ಮೂರನೇ ಅಂಗಡೀಗೆ ಹೋಗೋಷ್ಟು ಬುದ್ಧೀನೂ ಕೊಡ್ಬಾರ್ದಿತ್ತಾ?" ಎಂದು ಬೈಯತೊಡಗಿದವಳು ಅಳುತ್ತ ನಿಲ್ಲಿಸಿದೆ.

ಪ್ರಿಯರೇ, ನಾನು ಆ ಗೋಡೆಗೆ ಹಣೆಯಿಟ್ಟು ಕೇಳಿಕೊಂಡಾಗ ನನ್ನ ಕರ್ತನು ಕಳಿಸಿದವಳು ಬಸ್ಸಿನಲ್ಲಿ ಮೆಜೆಸ್ಟಿಕ್ ದಾಟಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಉತ್ತರ ಟಿಕೆಟ್ ತೆಗೆದುಕೊಂಡು ಹೊರಟಾಗಿತ್ತು. ಬರಬೇಡ ಎಂದು ಅದನ್ನು ತಡೆಯಲು ನೋಡಿದವಳು ನಾನೇ. ಸೇವೆಗೆ ಇದೇನು ಕೂಲಿ ಎಂದು ಕೇಳಿದವಳಿಗೆ ಆತನು ಗದರಲಿಲ್ಲ. ಕೊಟ್ಟ ಪ್ರಾಣಕ್ಕೆ ವಂದನೆ ಹೇಳಲು ಬಂದವಳ ಬಾಯಿಂದಲೇ ಇನ್ನೊಂದು ಪ್ರಾಣವನ್ನು ಕೊಡಿಸಿದನು. ಇನ್ನು ಮುಂದೆ ಯಾವ ಕಷ್ಟ ಬಂದರೂ ನಾನು ಆ ಕಾರಿಡಾರನ್ನು ನೆನೆದು ಧೈರ್ಯ ತಂದುಕೊಳ್ಳುತ್ತೇನೆ. ನೀವೂ, ಬಾಯಿ ಒಣಗಿ ಪ್ರಾರ್ಥನೆ ಬಾರದ ಹೊತ್ತಿನಲ್ಲಿ, ಇದ್ದದ್ದನ್ನು ಇದ್ದ ಹಾಗೆ ಎರಡು ಮಾತಿನಲ್ಲಿ ಆತನಿಗೆ ಹೇಳಿಬಿಡಿ. ಅಷ್ಟು ಸಾಕು.

ಎಸ್ತೇರ್ ಮಗಳೊಂದಿಗೆ ಸುಖವಾಗಿ ಊರು ಸೇರಿದ್ದಾಳೆ. ಇದನ್ನು ಬರೆಯುತ್ತಿರುವಾಗ ನಮ್ಮವರು ಅಂಗಳದಲ್ಲಿ ಗಂಗಮ್ಮನವರ ನೀರಿನ ಮೋಟಾರು ಬಿಚ್ಚಿ ಹರಡಿಕೊಂಡು ಕುಳಿತಿದ್ದಾರೆ. ಟೀ ಎಲ್ಲಿ, ಟೀ ಎಲ್ಲಿ ಎಂದು ಆಗಿನಿಂದ ಕೂಗುತ್ತಿದ್ದಾರೆ. ಒಲೆಯ ಮೇಲೆ ಕುದಿದು ಸಿದ್ಧವಾಗಿದೆ, ಸೋಸಿಕೊಡುವುದಷ್ಟೇ ಬಾಕಿ. ಆದರೂ ಇನ್ನೊಂದು ಸಲ ಕೂಗಲಿ ಎಂದು ಕುಳಿತಿದ್ದೇನೆ. ನನ್ನ ಕರ್ತನೇ, ಆ ದನಿ ಕೇಳಲು ಎಷ್ಟು ಚೆನ್ನಾಗಿದೆ!